ನವಾಬನ ಸೊಂಟ, ನಮ್ಮ ಬಾಗಿಲು

ಶುಕ್ರವಾರ ಸಂಜೆ ನಮ್ಮ ಮನೆಯಲ್ಲಿ ಬಳ್ಳೊಳ್ಳಿ ಸುಲಿಯುವ ಹೊತ್ತು. ವಾರಕ್ಕಾಗುವಷ್ಟನ್ನು ಒಮ್ಮೆಲೇ ಸುಲಿದು ಡಬ್ಬಿಗೆ ತುಂಬಿಡುವುದು ನನ್ನ ಪದ್ಧತಿ. ಬೆಂಗಳೂರಿನ ಕಡೆಯವರು ಇದನ್ನು ಬೆಳ್ಳುಳ್ಳಿ ಅನ್ನುತ್ತಾರೆ. ಅವರ ಹೆಸರೂ ಮೆತ್ತಗೆ, ಅವರ ಖಾರವೂ ಮೆತ್ತಗೆ. ಹೋಗಲಿ ಬಿಡಿ, ನಾನು ಹೇಳಹೊರಟಿದ್ದು ಅದಲ್ಲ. ನಾನು ಬಳ್ಳೊಳ್ಳಿಯ ಬುಟ್ಟಿ ಮುಂದಿಟ್ಟುಕೊಂಡು ಕೂತಾಗ ಮಗ್ಗುಲಲ್ಲಿ ಮೊಬೈಲು ಇರುತ್ತದೆ, ಆ ಮೊಬೈಲಿನಲ್ಲಿ ಒಬ್ಬ ರಕ್ತಪಿಶಾಚಿ ಇರುತ್ತಾನೆ. ಬಳ್ಳೊಳ್ಳಿಯ ವಾಸನೆಗೆ ಊರು ಬಿಟ್ಟು ಓಡಬೇಕಾದ ಆಸಾಮಿ ನನ್ನ ಬುಟ್ಟಿಯ ಪಕ್ಕದಲ್ಲೇ ಕಾಲು ಚಾಚಿಕೊಂಡಿರುತ್ತಾನೆ. ಸಿಂಧನೂರಿಗೆ ಬಂದವರಿಗೆ ಬಿಸಿಲಿನಿಂದ ಹಿಡಿದು ಎಲ್ಲವೂ ರೂಢಿಯಾಗುತ್ತದೆ, ಅವನಿಗೂ ಆಗಿದೆ.

ನಿಮಗೆ ನಗು ಬಂದಿರಬೇಕು. ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ, ಓದುವ ಕನ್ನಡಕವನ್ನು ಕೊರಳಿಗೆ ನೇತುಹಾಕಿಕೊಂಡು ತಿರುಗುವ ಹೆಂಗಸಿಗೆ ಇದೇನು ಚಟ ಅಂತ. ನನಗೂ ಮೊದಮೊದಲು ನಾಚಿಕೆಯಾಗುತ್ತಿತ್ತು. ಸ್ಟಾಫ್ ರೂಮಿನಲ್ಲಿ ಯಾರಾದರೂ ಬಗ್ಗಿ ನೋಡಿದರೆ ಮೊಬೈಲು ಮಗುಚಿ ಇಡುತ್ತಿದ್ದೆ. ಆಮೇಲೆ ಮೊಬೈಲಿನ ಬೆನ್ನಿಗೇ ಎರಡು ಕೋರೆಹಲ್ಲಿನ ಚಿತ್ರ ಅಂಟಿಸಿಕೊಂಡೆ. ನಾಚಿಕೆ ಅಲ್ಲಿಗೆ ಮುಗಿಯಿತು. ನಮ್ಮ ಹೆಡ್ ಮಾಸ್ತರರು ಅದನ್ನು ನೋಡಿ, "ಹಲ್ಲಿನ ಡಾಕ್ಟರ್ ಕೊಟ್ರೇನ್ರೀ?" ಅಂದರು. ಹೌದು ಅಂದುಬಿಟ್ಟೆ.

ಈ ಚಟ ಹಚ್ಚಿದವಳು ಮಸ್ಕಿಯ ಸುಜಾತಾ. ಸುಜಾತಾ, ಲಿಂಗಸುಗೂರಿನ ಶಾಹೀನ, ನಾನು ಮೂವರೂ ಸಿಂಧನೂರಿನ ಶಾಲೆಯಲ್ಲಿ ಒಂದೇ ಬೆಂಚಿನವರು. ಆಗ ಬಾಡಿಗೆಗೆ ಸಿಗುತ್ತಿದ್ದ ದೆವ್ವದ ಕಾದಂಬರಿಗಳನ್ನು ಸರತಿಯಲ್ಲಿ ಓದಿದವರು. ಆ ಪುಸ್ತಕಗಳಿಗೆ ಕೊನೆಯ ಹಾಳೆ ಇರುತ್ತಿರಲಿಲ್ಲ. ದೆವ್ವ ಯಾರೆಂಬುದನ್ನು ನಾವೇ ಕೂತು ತೀರ್ಮಾನಿಸಬೇಕಾಗುತ್ತಿತ್ತು, ಮತ್ತು ಬಹಳ ಸಲ ನಮ್ಮ ಗಣಿತದ ಮಾಸ್ತರರೇ ದೆವ್ವ ಎಂದು ಬಹುಮತದಿಂದ ಠರಾವಾಗುತ್ತಿತ್ತು. ಸುಜಾತಾ ಈಗ ಮಸ್ಕಿಯ ಆಸ್ಪತ್ರೆಯಲ್ಲಿ ನರ್ಸು. ಒಂದು ದಿನ ಅವಳು ನಮ್ಮಿಬ್ಬರಿಗೆ ಒಂದು ಕೊಂಡಿ ಕಳಿಸಿ, "ಓದ್ರಿಲೇ. ರಗತದ ವಿಷಯ, ನನ್ನ ಡಿಪಾರ್ಟ್‌ಮೆಂಟು" ಎಂದು ಬರೆದಿದ್ದಳು. ಅದೊಂದು ವೆಬ್‌ಕಾಮಿಕ್. ಅಂದರೆ ಬೆರಳಿನಿಂದ ಮೇಲಕ್ಕೆ ತಳ್ಳುತ್ತ ಓದುವ ಚಿತ್ರಕಥೆ, ವಾರಕ್ಕೊಂದು ಕಂತು. ನಮ್ಮ ಮೂವರಿಗಾಗಿ 'ಕೋರೆಹಲ್ಲು' ಎಂಬ ವಾಟ್ಸಾಪ್ ಗುಂಪು ಹುಟ್ಟಿಕೊಂಡಿತು.

ಕಥೆ ಇಷ್ಟೇ. ಒಬ್ಬ ಮುದಿ ರಕ್ತಪಿಶಾಚಿ, ನೋಡಲು ಮಾತ್ರ ಮೂವತ್ತರ ಚೆಲುವ. ಮೀಸೆಯ ಠೀವಿ ನೋಡಿ ನಾವು ಅವನಿಗೆ ನವಾಬ ಎಂದು ಹೆಸರಿಟ್ಟೆವು. ಅವನು ಎಲ್ಲೋ ದೇಶಾಂತರ ಹೋಗಿದ್ದಾಗ ಅವನ ಹಳೆಯ ಮನೆ ಮಾರಾಟವಾಗಿಬಿಟ್ಟಿದೆ. ಕೊಂಡುಕೊಂಡವಳು ಇಲ್ಕಾ ಎಂಬ ಹುಡುಗಿ. ನಮ್ಮ ಅತ್ತೆಯವರು ಅವಳನ್ನು ಮೊದಲಿನಿಂದಲೂ "ಇಳಕಲ್ಲದಾಕಿ" ಅನ್ನುತ್ತಾರೆ, "ಅಷ್ಟ ಚೆಂದ ಸೀರಿ ನೇಯೋ ಊರಾಕಿ, ಹರಕ ಪ್ಯಾಂಟ್ ಯಾಕ ಹಾಕ್ಯಾಳ?" ಎಂದು ಬೇಜಾರು ಮಾಡಿಕೊಳ್ಳುತ್ತಾರೆ. ಇನ್ನು ರಕ್ತಪಿಶಾಚಿಗಳ ಕಾನೂನು ನಿಮಗೆ ಗೊತ್ತಿರಬಹುದು: ಮನೆಯವರು ಬಾಯಿಬಿಟ್ಟು "ಒಳಗೆ ಬಾ" ಅನ್ನದೆ ಅವರು ಹೊಸ್ತಿಲು ದಾಟುವಂತಿಲ್ಲ. ತಾನೇ ಕಟ್ಟಿಸಿದ ಮನೆಯಾದರೂ ಸರಿ, ಈಗ ಅದರಲ್ಲಿ ಇರುವವರು ಕರೆಯಬೇಕು.

ಈ ಕಾನೂನು ಓದಿದ ದಿನ ನಾವು ಬಿದ್ದು ಬಿದ್ದು ನಕ್ಕಿದ್ದೆವು. ನಮ್ಮ ಕಡೆ ಇಂಥ ಕಾನೂನು ನಡೆಯುತ್ತದೆಯೇ? ದಾರಿ ಕೇಳಲು ನಿಂತವನಿಗೂ "ಬರ್ರಿ ಒಳಗ, ನೀರ ಕುಡೀರಿ" ಅನ್ನುತ್ತೇವೆ. ಕರೆಂಟ್ ಬಿಲ್ಲಿನವನಿಗೆ ಮಂಡಕ್ಕಿ ಕೊಡುತ್ತೇವೆ. ನವಾಬ ನಮ್ಮ ಪಕ್ಕದ ಗೊರೇಬಾಳದ ಯಾವ ಬಾಗಿಲಿಗೆ ನಿಂತರೂ ಒಳಗೆ ಕರೆದು, ಮಣೆ ಹಾಕಿ, ಊಟ ಬಡಿಸಿ, ಗದ್ದೆಯ ನೆಲ್ಲಿನ ರೇಟು ಕೇಳಿ ಅವನಿಗೇ ಸಾಕುಬೇಕಾಗುವಂತೆ ಮಾಡುತ್ತಿದ್ದರು. ಸುಜಾತಾಳ ಚಿಂತೆ ಬೇರೆ. "ಒಳಗ ಬಂದರ ಏನ್ ಸಿಗತೈತಿ ಪಾಪ? ನಮ್ಮ ಹೆಣ್ಮಕ್ಕಳ ಮೈಯಾಗ ರಗತ ಎಲ್ಲೈತಿ? ಮೊದಲು ಇಂವನ ಕೈಯಾಗ ಕಬ್ಬಿಣದ ಗುಳಿಗಿ ಕೊಟ್ಟು ಮನಿಮನಿಗೆ ಹಂಚಾಕ ಕಳಿಸಬೇಕು."

ಕಥೆ ಇಂಗ್ಲಿಷಿನಲ್ಲಿದೆ. ಆದರೆ ನವಾಬನಿಗೆ ಸಿಟ್ಟು ಬಂದಾಗ, ಸಂಕಟವಾದಾಗ ಅವನು ತನ್ನ ತಾಯ್ನುಡಿಗೆ ಜಾರುತ್ತಾನೆ. ಅದು ರೊಮೇನಿಯಾ ದೇಶದ ಭಾಷೆ. ಚಿತ್ರ ಬರೆಯುವ ಪುಣ್ಯಾತ್ಮರು ಅದಕ್ಕೆ ಅರ್ಥ ಕೊಡುವುದಿಲ್ಲ. ಇಲ್ಕಾಳಿಗೆ ತಿಳಿಯದ ಮಾತು ನಿಮಗೂ ತಿಳಿಯಬಾರದು, ಅನುವಾದದ ಯಂತ್ರವನ್ನು ಕೇಳಬೇಡಿ, ಭಾಷೆ ಬಲ್ಲವರು ಬಾಯಿಬಿಡಬೇಡಿ ಎಂದು ಮೊದಲ ಕಂತಿನಲ್ಲೇ ಕೈಮುಗಿದು ಕೇಳಿಕೊಂಡಿದ್ದಾರೆ. ಹಾಗಾಗಿ ಜಗತ್ತಿನ ಅಭಿಮಾನಿಗಳೆಲ್ಲ ಒಂದು ಚರ್ಚೆಯ ಪುಟದಲ್ಲಿ ಸೇರಿಕೊಂಡು ಊಹೆ ಮಾಡುತ್ತ ತಲೆ ಕೆರೆದುಕೊಳ್ಳುತ್ತಾರೆ. ನಮಗೆ ಇದೇನೂ ಹೊಸದಾಗಿರಲಿಲ್ಲ. ನನ್ನ ಕ್ಲಾಸಿನ ಒಂದೇ ಬೆಂಚಿನಲ್ಲಿ ಸಾಲಗುಂದ ಹಳ್ಳಿಯ ಕನ್ನಡ, ಆಂಧ್ರದಿಂದ ಬಂದು ನೆಲೆಸಿದ ರೈತರ ಕ್ಯಾಂಪಿನ ತೆಲುಗು, ಪ್ಯಾಟಿಯ ಉರ್ದು ಮೂರೂ ಕೂತಿರುತ್ತವೆ. ಅರ್ಧ ತಿಳಿದು ಇನ್ನರ್ಧ ಊಹಿಸಿಕೊಂಡು ಜಗಳವಾಡುವುದನ್ನು, ರಾಜಿಯಾಗುವುದನ್ನು ನಾವು ಹುಟ್ಟಿದಾಗಿನಿಂದ ಮಾಡಿಕೊಂಡು ಬಂದಿದ್ದೇವೆ.

ಮೊದಲ ಬೀಗ ತೆರೆದವರು ನಮ್ಮ ಮನೆಯವರು, ಅದೂ ಗೊತ್ತಿಲ್ಲದೆ. ನವಾಬ ಭುಜ ಹಾರಿಸಿ ಏನೋ ಅಂದಿದ್ದ. ನಾನು ಬಳ್ಳೊಳ್ಳಿ ಸುಲಿಯುತ್ತ ಗಟ್ಟಿಯಾಗಿ ಓದಿಕೊಂಡೆ: "ಹಬರ್ ನಾಮ್, ಬ್ರೆ." ಒಳಕೋಣೆಯಿಂದ ನಮ್ಮ ಮನೆಯವರು, "ನನಗೂ ಖಬರಿಲ್ಲ. ಎಲ್ಲರ ಇಟ್ಟು ಮರತಿರ್ತಿ, ನೀನ ಹುಡುಕ್ಕೊ" ಅಂದರು. ಬಳ್ಳೊಳ್ಳಿ ಕೈಯಿಂದ ಜಾರಿತು. ಖಬರ್! ಅವನು ಹೇಳಿದ್ದು ಖಬರಿಲ್ಲ ಎಂದೇ! ಗುಂಪಿಗೆ ಹಾಕಿದ ತಕ್ಷಣ ಶಾಹೀನಳ ದನಿ ಬಂತು. "ಬ್ರೆ ಅಂದ್ರ ನಮ್ಮ 'ಬೇ'ನ ಲೇ! ಖಬರಿಲ್ಲ ಬೇ, ಅಂತಾನ. ಯಾ ಖುದಾ, ಇಂವ ನಮ್ಮ ಮಂದಿನ!"

ಅಲ್ಲಿಂದ ಶುರುವಾಯಿತು ನೋಡಿ ನಮ್ಮ ದರ್ಬಾರು. ಅವನು 'ಮಹಲಾ' ಅಂದರೆ ನಮಗೆ ಮೊಹಲ್ಲಾ, 'ಹಾಲ್' ಅಂದರೆ ನಮ್ಮ ಹಾಲತ್ತು. ಯಾವ ಕಾಲದಲ್ಲೋ ಪರ್ಶಿಯಾದ, ಅರಬರ ಮಾತುಗಳು ತುರ್ಕರ ಕುದುರೆಯೇರಿ ಅತ್ತ ಅವನ ಊರಿಗೆ ಹೋಗಿದ್ದವಂತೆ, ಇತ್ತ ನಿಜಾಮನ ಕಚೇರಿಯ ಮೆಟ್ಟಿಲಿಳಿದು ನಮ್ಮೂರಿಗೂ ಬಂದವು. ಚರ್ಚೆಯ ಪುಟದಲ್ಲಿ ನಾನು ನಮ್ಮ ಊಹೆಗಳನ್ನು ಮೇಷ್ಟರ ಇಂಗ್ಲಿಷಿನಲ್ಲಿ ಬರೆಯತೊಡಗಿದೆ. ಲಂಡನ್ನಿನವರು, ಮನಿಲಾದವರು ಬೆರಗಾದರು. ನೀವು ಎಲ್ಲಿಯವರು ಎಂದರು. ಸಿಂಧನೂರು ಎಂದೆ. ಅದು ರೊಮೇನಿಯಾದಲ್ಲಿ ಯಾವ ಕಡೆಗೆ ಬರುತ್ತದೆ ಎಂದು ಒಬ್ಬರು ಕೇಳಿದರು. ನಾನು ಉತ್ತರ ಹುಡುಕುವುದರೊಳಗೆ ಸುಜಾತಾ ಬರೆದೇಬಿಟ್ಟಿದ್ದಳು: "ಮಸ್ಕಿ ದಾಟಿದ ಮೇಲೆ."

ನನಗೆ ಕೊಂಬು ಬಂದವು. ಶಾಲೆಯಲ್ಲಿ ಸಂಧಿ ಸಮಾಸ ಕಲಿಸುವಾಗಲೂ ನನ್ನ ದನಿ ಒಂದು ಮನೆ ಏರಿತ್ತು ಎಂದು ಸಹೋದ್ಯೋಗಿಗಳು ಹೇಳುತ್ತಾರೆ.

ಇಲ್ಲಿ ಸ್ವಲ್ಪ ನಿಂತು ಶಾಹೀನಳ ಮಾತು ಹೇಳಬೇಕು. ಅವಳ ಮಾತು ಬಂದರೆ ಗೋಡೆಯ ಮಾತೂ ಬರುತ್ತದೆ. ನನ್ನ ತವರು ಮತ್ತು ಅವಳ ತವರು, ಎರಡಕ್ಕೂ ಹಿತ್ತಲಲ್ಲಿ ಒಂದೇ ಗೋಡೆ. ಆ ಗೋಡೆಯಲ್ಲಿ ಒಂದು ಇಟ್ಟಿಗೆ ಬಿದ್ದುಹೋಗಿತ್ತು. ಆ ಕಿಂಡಿಯಿಂದ ಅತ್ತ ಹೋಳಿಗೆ ಹೋಗುತ್ತಿತ್ತು, ಇತ್ತ ಶಾವಿಗೆಯ ಪಾಯಸ ಬರುತ್ತಿತ್ತು, ಜೊತೆಗೆ ನಮ್ಮ ಗುಟ್ಟಿನ ಭಾಷೆಯೂ ಓಡಾಡುತ್ತಿತ್ತು. ನಿಮಗೂ ಗೊತ್ತಿರುತ್ತದೆ ಆ ಭಾಷೆ: ಪ್ರತಿ ಅಕ್ಷರಕ್ಕೂ ಮೊದಲು ಒಂದು 'ಚ' ಸೇರಿಸಿ ಮಾತಾಡುವುದು. ಕಿಂಡಿಗೆ ಬಾಯಿಟ್ಟು "ಚಬಾ" ಅಂದರೆ ಬಾ. "ಚಬಾ ಚಒಚಳಚಗ" ಅಂದರೆ ಬಾ ಒಳಗ, ಅಂದರೆ ಅವರ ಮನೆಯಲ್ಲಿ ತಿನ್ನುವುದು ಏನೋ ಆಗಿದೆ. ನಾನು ಓಡಿ ಅವರ ಅಡುಗೆಮನೆಗೆ ನುಗ್ಗುತ್ತಿದ್ದೆ. ಆ ಅಡುಗೆಮನೆಯ ಬಾಗಿಲು ಬಹಳ ಗಿಡ್ಡ. ದೊಡ್ಡವರು ಯಾರು ಬಂದರೂ ಶಾಹೀನಳ ತಾಯಿ ಒಲೆಯ ಮುಂದಿನಿಂದಲೇ "ಝುಕ್‌ಕೇ!" ಎಂದು ಕೂಗುತ್ತಿದ್ದರು, ಬಗ್ಗಿ ಬಾ ಅಂತ. ನಾವೆಲ್ಲ ಅವರನ್ನು ಅಮ್ಮಿ ಅನ್ನುತ್ತಿದ್ದೆವು. ಬಗ್ಗುವಷ್ಟು ಎತ್ತರ ನನಗಾಗ ಇರಲಿಲ್ಲ, ಹಾಗಾಗಿ ಆ ಕೂಗಿಗೆ ನಾನು ಕಿವಿ ಕೊಡಲೇ ಇಲ್ಲ.

ಶಾಹೀನ ಮದುವೆಯಾಗಿ ಲಿಂಗಸುಗೂರಿಗೆ ಹೋದಳು, ಅಲ್ಲೇ ಬ್ಯಾಂಕಿನಲ್ಲಿ ಕೆಲಸ. ಅಮ್ಮಿ ತೀರಿಕೊಂಡ ಮೇಲೆ ಅವಳ ಅಣ್ಣಂದಿರು ಸಿಂಧನೂರಿನ ಮನೆ ಮಾರಿದರು. ಕೊಂಡುಕೊಂಡವರು ನಾವೇ. ಯಾರೋ ಗುರುತಿಲ್ಲದವರು ತೆಗೆದುಕೊಳ್ಳುವುದಕ್ಕಿಂತ ಮೇಲು ಎಂದು ಶಾಹೀನಳೇ ಹೇಳಿದ್ದಳು. ನಾವು ಆ ಮನೆಗೆ ಬಂದಾಗಿನಿಂದ ಅಡುಗೆಮನೆಯ ಚೌಕಟ್ಟು ನನ್ನ ಹಣೆಗೆ ಬಡಿಯುತ್ತಲೇ ಇದೆ. ನಮ್ಮ ಅತ್ತೆಯವರು ಹಣೆಯ ಬೋರೆ ನೋಡಿ, "ವಿಭೂತಿ ಹಚ್ಚಾಕ ಜಾಗ ಇಲ್ಲದಂಗ ಮಾಡ್ಕೊಂಡಿ" ಅನ್ನುತ್ತಾರೆ.

ಆದರೆ ಶಾಹೀನ ಆ ಮನೆಗೆ ಮತ್ತೆ ಕಾಲಿಡಲಿಲ್ಲ. ಬ್ಯಾಂಕಿನ ಮೀಟಿಂಗಿಗೆ ಆಗಾಗ ಸಿಂಧನೂರಿಗೆ ಬರುತ್ತಾಳೆ. ಬಸ್‌ಸ್ಟ್ಯಾಂಡಿನಲ್ಲಿ ನನ್ನನ್ನು ಕರೆಸಿಕೊಂಡು ಮಿರ್ಚಿ ತಿನ್ನಿಸುತ್ತಾಳೆ, ಚಹಾ ಕುಡಿಸುತ್ತಾಳೆ, ಹೊಟ್ಟೆ ಹಿಡಿದುಕೊಳ್ಳುವಷ್ಟು ನಗಿಸುತ್ತಾಳೆ. "ನಮ್ಮ ಮನಿಗೆ ಬಾರಲೇ" ಅಂದರೆ ಮಾತ್ರ ಬ್ಯಾಗು ಹೆಗಲಿಗೇರಿಸಿ, "ನಾ ಮುಸಾಫಿರ್ ಲೇ, ಬಸ್ಸಿನ ಹೊತ್ತಾತು" ಎಂದು ಹತ್ತಿಬಿಡುತ್ತಾಳೆ. ನಾನು ಬಿಡುವವಳಲ್ಲ. ಹಬ್ಬಕ್ಕೆ ಕರೆದೆ, ನಾಮಕರಣಕ್ಕೆ ಕರೆದೆ, ಸುಮ್ಮಸುಮ್ಮನೆ ಕರೆದೆ. ಕರೆದಷ್ಟೂ ಅವಳ ಬಸ್ಸು ಬೇಗ ಬರುತ್ತಿತ್ತು. ನನಗೆ ಇದು ಒಳಗೊಳಗೇ ಬಹಳ ನೋಯುತ್ತಿತ್ತು. ಎಲ್ಲವನ್ನೂ ಹಂಚಿಕೊಂಡ ಗೆಳತಿ ಒಂದು ಹೊಸ್ತಿಲಿಗೆ ಹೀಗೆ ಯಾಕೆ ಮುನಿಸಿಕೊಂಡಿದ್ದಾಳೆ, ಮನೆ ಕೊಂಡದ್ದೇ ತಪ್ಪಾಯಿತೇ ಎಂದು ಬಳ್ಳೊಳ್ಳಿ ಸುಲಿಯುವಾಗ ಯೋಚಿಸುತ್ತಿದ್ದೆ. ಕಣ್ಣಲ್ಲಿ ನೀರು ಬಂದರೆ ಉಳ್ಳಾಗಡ್ಡಿಯ ಮೇಲೆ ಹಾಕಬಹುದು, ಬಳ್ಳೊಳ್ಳಿಯ ಮೇಲೆ ಹಾಕಲು ಬರುವುದಿಲ್ಲ.

ಇನ್ನು ಆ ಕಂತಿಗೆ ಬರುತ್ತೇನೆ. ಜಿಟಿಜಿಟಿ ಮಳೆ. ನವಾಬ ತನ್ನ ಹಳೆಯ ಮನೆಯ ಬಾಗಿಲಿಗೆ ಬಂದು ನಿಂತಿದ್ದಾನೆ. ಒಳಗೆ ಇಲ್ಕಾ ಚಿಲಕದ ಮೇಲೆ ಕೈಯಿಟ್ಟುಕೊಂಡು ನಡುಗುತ್ತಿದ್ದಾಳೆ. ನವಾಬ ತಲೆ ತಗ್ಗಿಸಿ ತನ್ನ ಭಾಷೆಯಲ್ಲಿ ಎರಡೇ ವಾಕ್ಯ ಹೇಳುತ್ತಾನೆ: "ನು ಸುಂಟ್ ದುಷ್ಮನ್. ಸುಂಟ್ ಮುಸಾಫಿರ್." ದುಷ್ಮನ್ ಎಂಬಲ್ಲಿ ಇಂಗ್ಲಿಷಿನ ಎಸ್ ಅಕ್ಷರಕ್ಕೆ ಕೆಳಗೊಂದು ಬಾಲವಿತ್ತು, ನಮ್ಮ ಒತ್ತಕ್ಷರದ ಹಾಗೆ. ಕಂತು ಅಲ್ಲಿಗೇ ಮುಗಿದಿತ್ತು.

ಜಗತ್ತೆಲ್ಲ ತಲೆ ಕೆರೆದುಕೊಳ್ಳುತ್ತಿದ್ದಾಗ ನಮಗೆ ಹಬ್ಬ. ದುಷ್ಮನ್ ಗೊತ್ತು, ಮುಸಾಫಿರ್ ಗೊತ್ತು. ನಡುವಿನ 'ಸುಂಟ್' ಮಾತ್ರ ಕಾಡಿತು. ಸುಜಾತಾ ಹಟ ಹಿಡಿದಳು. "ಸುಂಟ್ ಅಂದ್ರ ಸೊಂಟನ ಲೇ. ಎಷ್ಟು ವರ್ಷದಾಂವ ಅಂವ, ಪೆಟಿಗ್ಯಾಗ ಮಲಗಿ ಮಲಗಿ ಸೊಂಟ ಹಿಡದೈತಿ. ಸೊಂಟಾನ ನನಗ ದುಷ್ಮನ್ ಆಗೈತಿ ಅಂತಾನ ಪಾಪ. ದಿನಾ ಅರ್ಧ ಮಸ್ಕಿ ನನ್ನ ಮುಂದ ಇದನ್ನ ಹೇಳತೈತಿ." ಮಸ್ಕಿಯ ಬಂಡೆಯ ಮೇಲಿನ ಶಾಸನ ಓದಲು ಎಷ್ಟೋ ಕಾಲ ಹಿಡಿಯಿತು, ನೀನು ಅವಸರ ಮಾಡಬೇಡ ಎಂದೆ. ಆ ಬಂಡೆಯಲ್ಲೂ ಸೊಂಟದ ವಿಷಯವೇ ಇರಬಹುದು ಎಂದಳು. ನಾನು ವ್ಯಾಕರಣ ಬಲ್ಲವಳಲ್ಲವೇ, ಗಂಭೀರವಾಗಿ ಅರ್ಥೈಸಿದೆ: "ನಾನು ಶತ್ರುವಲ್ಲ. ನಾನೊಬ್ಬ ಪ್ರಯಾಣಿಕ." ಅಂದರೆ ನವಾಬ ದಾರಿಹೋಕನಂತೆ ಬಂದಿದ್ದಾನೆ, ಹಾಗೇ ಹೋಗುತ್ತಾನೆ, ಇಲ್ಕಾ ಹೆದರಬೇಕಾಗಿಲ್ಲ, ಬಾಗಿಲು ತೆರೆಯುವ ಅಗತ್ಯವೂ ಇಲ್ಲ ಎಂದು ಚರ್ಚೆಯ ಪುಟದಲ್ಲಿ ಒಂದು ಉಪನ್ಯಾಸವನ್ನೇ ಬರೆದೆ. ಕೆಳಗೆ ಸುಜಾತಾ ತನ್ನ ಸೊಂಟದ ವ್ಯಾಖ್ಯಾನವನ್ನೂ ಸೇರಿಸಿದಳು. ಶಾಹೀನ ಮಾತ್ರ ಏನೂ ಬರೆಯಲಿಲ್ಲ. ಯಾಕೆಂದು ನನಗೆ ಆಗಲೇ ಹೊಳೆಯಬೇಕಿತ್ತು.

ಮರುದಿನ ರೊಮೇನಿಯಾದ ಹೆಣ್ಣುಮಗಳೊಬ್ಬಳು ಬಹಳ ಸಂಕೋಚದಿಂದ ಬರೆದಳು. ನಿಯಮಕ್ಕೆ ಕಟ್ಟುಬಿದ್ದು ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದೆ, ಆದರೆ ಸೊಂಟದ ವ್ಯಾಖ್ಯಾನ ಓದಿದ ಮೇಲೆ ನನ್ನಿಂದ ತಡೆಯಲಾಗಲಿಲ್ಲ, ಕ್ಷಮಿಸಿ ಎಂದಿದ್ದಳು. 'ಸುಂಟ್' ಎಂದರೆ ಬರೀ 'ಆಗಿದ್ದೇನೆ'. ಮತ್ತು ಅವರ ಭಾಷೆಯಲ್ಲಿ ಮುಸಾಫಿರ್ ಎಂದರೆ ಪ್ರಯಾಣಿಕನಲ್ಲ, ಮನೆಗೆ ಬಂದ ಅತಿಥಿ. ಅವನು ಹೇಳುತ್ತಿರುವುದು: "ನಾನು ಶತ್ರುವಲ್ಲ. ನಾನು ಅತಿಥಿ."

ಜಗತ್ತು ನಕ್ಕಿತು. ನನ್ನ ಕೊಂಬುಗಳು ಬಿದ್ದುಹೋದವು. ಮುಖ ಎಲ್ಲಿಡಲಿ ಎಂದು ಕೂತಿದ್ದಾಗ 'ಕೋರೆಹಲ್ಲು' ಗುಂಪಿಗೆ ಶಾಹೀನಳ ದನಿ ಬಂತು. ಯಾವಾಗಲೂ ನಗುವಿನಿಂದ ಶುರುವಾಗುವ ದನಿ ಅವತ್ತು ಹಾಗಿರಲಿಲ್ಲ.

"ಗಿರಿಜಾ, ಅಂವ ತನ್ನ ಮನಿ ಬಾಗಿಲದಾಗ ನಿಂತು ಮೆಹಮಾನ್ ಅದೀನಿ ಅಂದಾನಲ್ಲೇ. ಹೆಂಗ ಅಂದಿದ್ದಾನು? ನನಗಾದ್ರ ಆಗೂದಿಲ್ಲವಾ. ತನ್ನ ಮನ್ಯಾಗ ಯಾರರ ಮೆಹಮಾನ್ ಆಗ್ತಾರೇನು?" ಆಮೇಲೆ, "ಅದಕ್ಕಿಂತ ಮುಸಾಫಿರ್ ಅಂತ ಹೇಳಿ ಬಸ್ ಹತ್ತೂದು ಚಲೋ" ಎಂದು ನಿಲ್ಲಿಸಿದಳು.

ನಾನು ಅದನ್ನು ಮತ್ತೆ ಮತ್ತೆ ಕೇಳಿದೆ. ಕನ್ನಡ ಕಲಿಸುವ ಹೆಂಗಸು, ಒಂದು ಪದಕ್ಕೆ ಎರಡರ್ಥ ಇರುತ್ತದೆಂದು ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ತೋರಿಸುವವಳು, ಗೆಳತಿ ಬಸ್‌ಸ್ಟ್ಯಾಂಡಿನಲ್ಲಿ ಹೇಳುತ್ತ ಬಂದ ಒಂದು ಪದವನ್ನು ಓದಿಕೊಂಡಿರಲಿಲ್ಲ. ಅವಳು ಮುನಿದಿದ್ದಲ್ಲ. ನಾನು "ನಮ್ಮ ಮನಿಗೆ ಬಾ" ಎಂದು ಕರೆದಾಗಲೆಲ್ಲ ಆ ಮನೆ ಅವಳದಲ್ಲ ಎಂದು ನೆನಪು ಮಾಡುತ್ತಿದ್ದೆ. ನಮ್ಮಲ್ಲಿ ಬಾ ಎಂದು ಕರೆಯುವುದು ಬಂದು ಹೋಗುವವರನ್ನು. ಮನೆಯವರನ್ನು ಯಾರಾದರೂ ಕರೆಯುತ್ತಾರೆಯೇ? ಹೊತ್ತು ಮಾಡಿದರೆ ಬೈಯುತ್ತಾರೆ, ಇಲ್ಲವೇ ಕೆಲಸ ಹಚ್ಚುತ್ತಾರೆ.

ಮುಂದಿನ ಶುಕ್ರವಾರ ಅವಳಿಗೆ ಸಿಂಧನೂರಿನಲ್ಲಿ ಮೀಟಿಂಗು. ಮಧ್ಯಾಹ್ನ ಬಸ್‌ಸ್ಟ್ಯಾಂಡಿನಲ್ಲಿ ಮಿರ್ಚಿ ತಿಂದೆವು, ಚಹಾ ಕುಡಿದೆವು. ನವಾಬನ ಮಾತು ಇಬ್ಬರೂ ಎತ್ತಲಿಲ್ಲ. ಅವಳು ಬ್ಯಾಗು ಹೆಗಲಿಗೇರಿಸಿ ನನ್ನ ಮುಖ ನೋಡಿದಳು, ಇನ್ನೇನು ಕರೆಯುತ್ತಾಳೆ ಎಂದು. ನಾನು ಕರೆಯಲಿಲ್ಲ. ಪರ್ಸಿನಿಂದ ಮನೆಯ ಕೀಲಿಕೈ ತೆಗೆದು ಅವಳ ಕೈಗೆ ಹಾಕಿದೆ.

"ನನಗ ಶಾಲ್ಯಾಗ ಇನ್ನೂ ಕೆಲಸ ಐತಿ. ಅತ್ತಿ ಮುಕ್ಕುಂದಕ್ಕ ಹೋಗ್ಯಾರ, ಮನ್ಯಾಗ ಯಾರೂ ಇಲ್ಲ. ಹಾಲಿನಾಂವ ಬರ್ತಾನ, ಇಸ್ಕೊಂಡು ಕಾಸಿಡು. ಒಂದು ಬುಟ್ಟಿ ಬಳ್ಳೊಳ್ಳಿ ಕುಂತೈತಿ, ಅದನ್ನೂ ಸುಲಿ."

"ಏನಲೇ ಇದು? ನನಗ ಬಸ್..."

"ಬಸ್ ಎಲ್ಲಿ ಹೋಗತಾವು? ಹಾಲು ಕೆಡತೈತಿ" ಎಂದವಳೇ ಆಟೋ ಹತ್ತಿದೆ. ತಿರುಗಿ ನೋಡುವ ಧೈರ್ಯವಾಗಲಿಲ್ಲ.

ಶಾಲೆಯಲ್ಲಿ ಕೆಲಸವೇನೂ ಇರಲಿಲ್ಲ. ಸ್ಟಾಫ್ ರೂಮಿನಲ್ಲಿ ಕೂತು ಗೋಡೆ ನೋಡಿದೆ. ಕೀಲಿಕೈಯನ್ನು ಪಕ್ಕದ ಅಂಗಡಿಯಲ್ಲಿ ಕೊಟ್ಟು ಲಿಂಗಸುಗೂರಿನ ಬಸ್ಸು ಹಿಡಿದಿರುತ್ತಾಳೆ ಎಂದು ಒಂದು ಮನಸ್ಸು. ಇನ್ನು ಮುಂದೆ ಮಿರ್ಚಿಗೂ ಕರೆಯುವುದಿಲ್ಲ ಎಂದು ಇನ್ನೊಂದು. ಸಂಜೆ ಮನೆಗೆ ಹೊರಟಾಗ ಆಟೋದಲ್ಲಿ ಮೊಬೈಲು ಗುಂಯ್‌ಗುಡತೊಡಗಿತು. ಹೊಸ ಕಂತು ಬಂದಿತ್ತು. ಸುಜಾತಾ ಒಬ್ಬಳೇ ಕೂಗಾಡುತ್ತಿದ್ದಳು: "ಇನ್ನೂ ಬಾಗಿಲ ತಗದಿಲ್ಲ ಇಳಕಲ್ಲದಾಕಿ! ಚಿಲಕ ಹಿಡಕೊಂಡ ನಿಂತಾಳ! ಮತ್ತ ಮುಂದಿನ ಶುಕ್ರವಾರ ಅಂತ! ಎಲ್ಲಿ ಹೋಗೀರಿಲೇ ಇಬ್ರೂ?" ನಾನು ಕಂತು ತೆರೆಯಲಿಲ್ಲ. ನನಗೆ ಬೇಕಾದ ಬಾಗಿಲು ಅದಾಗಿರಲಿಲ್ಲ.

ನಮ್ಮ ಬಾಗಿಲು ತೆರೆದಿತ್ತು. ಪಡಸಾಲೆಯಲ್ಲಿ ಲೈಟು ಹತ್ತಿತ್ತು. ಹೊಸ್ತಿಲ ಹೊರಗೆ ಅವಳ ಚಪ್ಪಲಿ ಇದ್ದವು. ಎಲ್ಲರೂ ಬಿಡುವ ಮೆಟ್ಟಿಲ ಮೇಲಲ್ಲ, ಬಲಗಡೆಯ ಮೂಲೆಯಲ್ಲಿ. ಚಿಕ್ಕಂದಿನಲ್ಲಿ ಅವರ ಮನೆಯವರೆಲ್ಲ ಅಲ್ಲೇ ಬಿಡುತ್ತಿದ್ದರು. ಒಳಗೆ ಹಾಲು ಕಾದ ವಾಸನೆ, ಬಳ್ಳೊಳ್ಳಿಯ ವಾಸನೆ. ನಾನು ಹಾಗೇ ನಿಂತುಬಿಟ್ಟೆ. ಕಣ್ಣು ಒರೆಸಿಕೊಂಡು ಮುಖ ಸರಿಮಾಡಿಕೊಳ್ಳಲು ಸ್ವಲ್ಪ ಹೊತ್ತು ಬೇಕಿತ್ತು.

ನೆರಳು ಕಂಡಿರಬೇಕು. ಅಡುಗೆಮನೆಯಿಂದ ದನಿ ಬಂತು, ಕಿಂಡಿಗೆ ಬಾಯಿಟ್ಟು ಕೂಗಿದ ಹಾಗೆ.

"ಚಬಾ ಚಒಚಳಚಗ!"

ಇದಕ್ಕೆ ಯಾವ ಯಂತ್ರವೂ ಬೇಕಿರಲಿಲ್ಲ. ಕಾನೂನು ಕಾನೂನೇ, ಮನೆಯವರು ಬಾಯಿಬಿಟ್ಟು ಕರೆದಿದ್ದರು. ನಾನು ಹೊಸ್ತಿಲು ದಾಟಿದೆ, ಪಡಸಾಲೆ ದಾಟಿದೆ, ಅಡುಗೆಮನೆಯತ್ತ ನುಗ್ಗಿದೆ.

"ಝುಕ್‌ಕೇ!" ಎಂದಳು ಶಾಹೀನ, ಥೇಟ್ ಅಮ್ಮಿಯ ದನಿಯಲ್ಲಿ.

ಬಗ್ಗಿದೆ. ಆ ಮನೆಗೆ ಬಂದ ಮೇಲೆ ಮೊದಲ ಸಲ ನನ್ನ ಹಣೆ ಉಳಿಯಿತು.